ಇಂಕ್‌ಸ್ಕೇಪ್: ಲೇಬಲ್ ಯಾಕೆ ಗಿಡ್ಡ ಬರುತ್ತದೆ?

ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಲೇಬಲ್ ಮಾಡುವಾಗಲೇ ಅದರ ಮೂಲೆಯಲ್ಲಿ ಸರಿಯಾಗಿ 100 ಮಿಲಿಮೀಟರ್ ಉದ್ದದ ಒಂದು ಗೆರೆ ಎಳೆದಿಡಿ. ಪ್ರಿಂಟ್ ತೆಗೆದು ಸ್ಟೀಲ್ ಸ್ಕೇಲ್ ಇಟ್ಟು ಅಳೆಯಿರಿ. 100 ಬಂದರೆ ಈ ವಿಮರ್ಶೆಯ ಅರ್ಧಕ್ಕರ್ಧ ನಿಮಗೆ ಬೇಡ, ಹಸೆ ಚಿತ್ತಾರದ ವಿಷಯ ಬರುವಲ್ಲಿಂದ ಓದಿದರೆ ಸಾಕು. ನನ್ನ ಹಳೇ ಫೈಲಿನಲ್ಲಿ ಮೊದಲೇ ಇದ್ದ ಅಂಥ ಗೆರೆ ಬಂದದ್ದು 94ಕ್ಕೂ ಒಂದೆಳೆ ಕಡಿಮೆ. ಆ ಆರು ಮಿಲಿಮೀಟರ್ ನನ್ನ ಒಂದು ಮಿಡಿ ಹಂಗಾಮನ್ನೇ ತಿಂದು ಹಾಕಿತು.

ನಮ್ಮದು ಸಾಗರದ ಹತ್ತಿರದ ಹಳ್ಳಿ. ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಗಾಜಿನ ಬಾಟಲಿಯಲ್ಲಿ ಮಾರುತ್ತೇವೆ. ಬಾಟಲಿಯ ವ್ಯಾಸ 70 ಮಿಲಿಮೀಟರ್, ಅಂದರೆ ಸುತ್ತಳತೆ 220ಕ್ಕೆ ಕೂದಲೆಳೆಯಷ್ಟು ಕಡಿಮೆ. ಲೇಬಲ್ ಬಾಟಲಿಯನ್ನು ಪೂರ್ತಿ ಸುತ್ತಿ, ಕೊನೆಯಲ್ಲಿ 8 ಮಿಲಿಮೀಟರ್ ಒಂದರ ಮೇಲೊಂದು ಕೂರಬೇಕು. ಹಾಗಾಗಿ ಅಗಲ 228. ಎ4 ಹಾಳೆಯನ್ನು ಅಡ್ಡ ಇಟ್ಟರೆ ಮೂರು ಲೇಬಲ್ ಆರಾಮಾಗಿ ಕೂರುತ್ತವೆ. ಇಂಕ್‌ಸ್ಕೇಪಿಗೆ ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ತೆವಳಿಕೊಂಡು ನಡೆಯುತ್ತದೆ. ಉಪ್ಪಿನಕಾಯಿ ಲಾಭದಲ್ಲಿ ವರ್ಷ ವರ್ಷ ಚಂದಾ ಕಟ್ಟುವ ಸಾಫ್ಟ್‌ವೇರ್ ನನಗೆ ಆಗುವ ಮಾತಲ್ಲ. ಉಳಿದ ಗುಣಗಾನ ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಬೇಡ.

ಮೂಲ ಫೈಲು ಮಾಡಿಕೊಟ್ಟಿದ್ದು ತಮ್ಮನ ಮಗ, ಇಂಕ್‌ಸ್ಕೇಪ್ 0.48 ಇದ್ದ ಕಾಲದಲ್ಲಿ. ಆಗ ಅಳತೆ ಸರಿಯಾಗಿಯೇ ಇತ್ತು. ಲ್ಯಾಪ್‌ಟಾಪ್ ಬದಲಾಯಿಸಿ ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಅದೇ ಫೈಲು, ಅದೇ ಪ್ರಿಂಟರು, ಆದರೆ ಲೇಬಲ್ ಬಾಟಲಿ ಸುತ್ತಿ ಬಂದು ಇನ್ನೊಂದು ತುದಿ ಮುಟ್ಟುವ ಮೊದಲೇ ನಿಂತುಬಿಡುತ್ತಿತ್ತು. ನಡುವೆ ಆರು ಮಿಲಿಮೀಟರ್ ಬರೀ ಗಾಜು. ಫೋನ್ ಮಾಡಿದರೆ ಅವನು, "ಅತ್ತೆ, ಪ್ರಿಂಟರ್ ಹಳತಾಯ್ತು, ಬೇರೆ ತಗೊಳ್ಳಿ" ಅಂದ. ಶಿವಮೊಗ್ಗದ ದುರ್ಗಿಗುಡಿ ಕಡೆಯ ಒಂದು ಪ್ರಿಂಟಿಂಗ್ ಅಂಗಡಿಗೆ ಒಯ್ದರೆ ಅಲ್ಲಿನ ಹುಡುಗ, "ಅಕ್ಕಾ, ಕೋರಲ್ ಫೈಲ್ ಇಲ್ವಾ? ಇದೆಲ್ಲ ಫ್ರೀ ಸಾಫ್ಟ್‌ವೇರು, ಅಳತೆ ಹೀಗೇ ಬರೋದು" ಅಂದ. ಕೋರಲ್ ಅಂದರೆ ಅಂಥ ಅಂಗಡಿಯವರು ಬಳಸುವ, ದುಡ್ಡು ಕೊಟ್ಟು ಕೊಳ್ಳುವ ಚಿತ್ರದ ಸಾಫ್ಟ್‌ವೇರು. ಒಬ್ಬರು ಯಂತ್ರವನ್ನು ಬೈದರು, ಇನ್ನೊಬ್ಬರು ಸಾಫ್ಟ್‌ವೇರನ್ನು. ಗೆರೆಯನ್ನು ಅಳೆದು ನೋಡಿದವರು ಇಬ್ಬರಲ್ಲಿ ಒಬ್ಬರೂ ಇಲ್ಲ.

ಈಗ ಕಾರಣ. 2017ರಲ್ಲಿ ಬಂದ 0.92 ಆವೃತ್ತಿಯಿಂದ ಇಂಕ್‌ಸ್ಕೇಪ್ ಒಂದು ಇಂಚಿಗೆ 96 ಪಿಕ್ಸೆಲ್ (ತೆರೆಯ ಚುಕ್ಕಿ) ಎಂದು ಲೆಕ್ಕ ಹಿಡಿಯುತ್ತದೆ. ಅದಕ್ಕೂ ಮೊದಲು 90 ಇತ್ತು. ವೆಬ್ ಪುಟಗಳ ರೂಪ ಹೇಗಿರಬೇಕೆಂದು ಹೇಳುವ ಸಿಎಸ್‌ಎಸ್ ನಿಯಮದಲ್ಲಿ ಇಂಚಿಗೆ 96 ಎಂದಿದೆ, ಅದಕ್ಕೆ ಹೊಂದಿಸಿಕೊಂಡರು. ನಿರ್ಧಾರ ಸರಿಯಾದದ್ದೇ. ಆದರೆ ಹಳೇ ಫೈಲಿನೊಳಗೆ ಅಳತೆ ಬರೆದಿಟ್ಟದ್ದು ಬರೀ ಪಿಕ್ಸೆಲ್ಲಿನಲ್ಲಾದರೆ, ಅಷ್ಟೇ ಪಿಕ್ಸೆಲ್ಲು ಈಗ ಕಡಿಮೆ ಮಿಲಿಮೀಟರ್ ಆಗುತ್ತದೆ. 90ನ್ನು 96ರಿಂದ ಭಾಗಿಸಿದರೆ 0.9375. ನನ್ನ 228 ಹೋಗಿ 213.75 ಆಯಿತು. ಸುತ್ತಳತೆ 220ರಿಂದ ಅದನ್ನು ಕಳೆಯಿರಿ, ಗಾಜು ಕಾಣುತ್ತಿದ್ದ ಜಾಗ ಎಷ್ಟೋ ಅಷ್ಟೇ.

ಹಳೇ ಫೈಲ್ ತೆರೆದಾಗ ಹೊಸ ಇಂಕ್‌ಸ್ಕೇಪ್ ಸುಮ್ಮನಿರುವುದಿಲ್ಲ ಎಂಬುದನ್ನೂ ಹೇಳಬೇಕು. ಇದು ತೆರೆಯ ಮೇಲೆ ನೋಡುವುದಕ್ಕೋ ಕಾಗದಕ್ಕೋ ಎಂದು ಕೇಳುತ್ತದೆ. ಕಾಗದಕ್ಕೆ ಎಂದರೆ ಅದೇ ಹಿಗ್ಗಿಸಿಕೊಡುತ್ತದೆ, ಹಳತರ ಒಂದು ಪ್ರತಿಯನ್ನೂ ಎತ್ತಿಡುತ್ತದೆ. ನಮ್ಮ ಫೈಲಿಗೆ ಆ ಪ್ರಶ್ನೆಯೇ ಬರಲಿಲ್ಲ. ಎಸ್‌ವಿಜಿ ಎಂಬುದು ಇಂಕ್‌ಸ್ಕೇಪ್ ಚಿತ್ರ ಉಳಿಸುವ ಫೈಲಿನ ಬಗೆ. ಅದರಲ್ಲೇ ಸಾದಾ ಎಸ್‌ವಿಜಿ ಎಂಬ ಬಗೆಯಲ್ಲಿ ಉಳಿಸಿದ ಫೈಲಿನಲ್ಲಿ ಯಾವ ಆವೃತ್ತಿಯಲ್ಲಿ ಮಾಡಿದ್ದು ಎಂಬ ಗುರುತು ಅಳಿಸಿಹೋಗಿರುತ್ತದೆ. ಹುಡುಗ ಹಾಗೆ ಉಳಿಸಿದ್ದ. ಗುರುತೇ ಇಲ್ಲದ ಮೇಲೆ ಅದು ಹಳತೆಂದು ಇಂಕ್‌ಸ್ಕೇಪಿಗೆ ಗೊತ್ತಾಗುವ ದಾರಿಯೂ ಇಲ್ಲ.

ಪತ್ತೆ ಮಾಡುವುದು ಮಾತ್ರ ಸುಲಭ. ಕಂಟ್ರೋಲ್, ಶಿಫ್ಟ್, ಡಿ ಒಟ್ಟಿಗೆ ಒತ್ತಿ ಪುಟದ ಅಳತೆ ನೋಡಿ. ಎ4 ಎಂದರೆ 210 ಮತ್ತು 297 ಇರಬೇಕು. ಅಲ್ಲಿ ಸುಮಾರು 196.9 ಮತ್ತು 278.4 ಕಂಡರೆ ಅದು ಹಳೇ ಲೆಕ್ಕದ ಎ4, ಬೇರೆ ಸಾಕ್ಷಿ ಬೇಡ. ಪುಟವೂ ಚಿತ್ರವೂ ಒಟ್ಟಿಗೇ ಕುಗ್ಗಿರುತ್ತವೆ, ತೆರೆಯ ಮೇಲೆ ಎಲ್ಲ ಅಚ್ಚುಕಟ್ಟಾಗಿ ಕಾಣುತ್ತದೆ, ಪ್ರಿಂಟಲ್ಲಿ ಏನೂ ಕತ್ತರಿಸಿಹೋಗುವುದಿಲ್ಲ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಎಲ್ಲವನ್ನೂ ಆರಿಸಿಕೊಂಡು, ಕಂಟ್ರೋಲ್, ಶಿಫ್ಟ್, ಎಂ ಒತ್ತಿ, ಅಗಲ ಎತ್ತರ ಎರಡೂ 106.667 ಶೇಕಡಾ ಹಿಗ್ಗಿಸಿ, ಪುಟವನ್ನು ಎ4ಗೆ ತಂದರೆ ಮುಗಿಯಿತು. ಹಿಗ್ಗಿಸುವ ಮೊದಲು ಗೆರೆಯ ದಪ್ಪವೂ ಜೊತೆಗೆ ಹಿಗ್ಗಲಿ ಎಂಬ ಗುಂಡಿ ಒತ್ತಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಆಕಾರ ದೊಡ್ಡದಾಗಿ ಗೆರೆ ಮಾತ್ರ ತೆಳ್ಳಗೆ ಉಳಿಯುತ್ತದೆ.

ಇಷ್ಟಾದ ಮೇಲೆ ಪ್ರಿಂಟ್ ತೆಗೆದರೆ ಗೆರೆ 96 ಚಿಲ್ಲರೆ! ಆ ದಿನ ಕರೆಂಟೂ ಹೋಯಿತು, ನನ್ನ ತಾಳ್ಮೆಯೂ ಹೋಯಿತು.

ಇದು ಎರಡನೇ ಕಾಯಿಲೆ, ಇದಕ್ಕೂ ಇಂಕ್‌ಸ್ಕೇಪಿಗೂ ಸಂಬಂಧವಿಲ್ಲ. ಮನೆಯ ಹೆಚ್ಚಿನ ಪ್ರಿಂಟರುಗಳು ಹಾಳೆಯ ಅಂಚಿನ ನಾಲ್ಕೈದು ಮಿಲಿಮೀಟರ್‌ವರೆಗೆ ಶಾಯಿ ಹಾಕಲಾರವು. ಪಿಡಿಎಫ್ ತೋರಿಸುವ ಪ್ರೋಗ್ರಾಂಗಳಲ್ಲಿ ಸಾಮಾನ್ಯವಾಗಿ 'ಫಿಟ್' ಎಂಬುದು ಮೊದಲೇ ಆರಿಸಿಟ್ಟಿರುತ್ತದೆ. ಅದು ಇಡೀ ಪುಟವನ್ನು ಶಾಯಿ ಬೀಳುವ ಜಾಗದೊಳಗೆ ತುರುಕಲು ಮೂರು ನಾಲ್ಕು ಶೇಕಡಾ ಕುಗ್ಗಿಸುತ್ತದೆ. 'ಆ್ಯಕ್ಚುಯಲ್ ಸೈಜ್' ಅಥವಾ 100 ಶೇಕಡಾ ಎಂದು ನೀವೇ ಹೋಗಿ ಬದಲಿಸಬೇಕು. ಪುಟ ಸಣ್ಣದಿದ್ದರೆ ಇದೇ ಫಿಟ್ ಹಿಗ್ಗಿಸಿಯೂ ಬಿಡುತ್ತದೆ. ಅಂಗಡಿಯಲ್ಲಿ ಒಂದು ಅಳತೆ, ಮನೆಯಲ್ಲಿ ಇನ್ನೊಂದು ಬರುತ್ತಿದ್ದುದು ಇದರಿಂದಲೇ: ಫೈಲಿನ ಕುಗ್ಗುವಿಕೆಯ ಮೇಲೆ ಫಿಟ್‌ನ ಹಿಗ್ಗುವಿಕೆ ಕೂತು, ಯಾವ ಲೆಕ್ಕಕ್ಕೂ ಸಿಗದ ಅಂಕಿ ಬರುತ್ತಿತ್ತು.

ಪ್ರಿಂಟರಿನ ಸೆಟ್ಟಿಂಗ್‌ನಲ್ಲಿ ಹಾಳೆ 'ಲೆಟರ್' ಎಂದು ಕೂತಿದೆಯೇ ಎಂಬುದನ್ನೂ ನೋಡಿ. ಅದು ಅಮೆರಿಕದ ಅಳತೆ, 215.9 ಮತ್ತು 279.4 ಮಿಲಿಮೀಟರ್. ನಮ್ಮೂರಲ್ಲಿ ಆ ಹಾಳೆಯನ್ನು ನಾನಂತೂ ಕಂಡಿಲ್ಲ, ಆದರೂ ಡ್ರೈವರ್ ಹೊಸದಾಗಿ ಹಾಕಿದಾಗ ಎಷ್ಟೋ ಸಲ ಅದೇ ಬಂದು ಕೂತಿರುತ್ತದೆ. ಎ4 ಪುಟವನ್ನು ಲೆಟರ್ ಎತ್ತರಕ್ಕೆ ಹೊಂದಿಸಿದರೆ 94 ಶೇಕಡಾ ಆಗುತ್ತದೆ. ಹಳೇ ಫೈಲಿನ 93.75ಕ್ಕೂ ಇದಕ್ಕೂ 100 ಮಿಲಿಮೀಟರ್ ಗೆರೆಯಲ್ಲಿ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ. ಹಾಗಾಗಿ ಮೊದಲು ಫೈಲನ್ನೇ ಕೇಳಬೇಕು. ಗೆರೆಯ ಮೇಲೆ ಕ್ಲಿಕ್ ಮಾಡಿ, ಮೇಲಿನ ಪಟ್ಟಿಯಲ್ಲಿ ಅಗಲ ಎಷ್ಟೆಂದು ಓದಿ. ಅಲ್ಲೇ 93.75 ಇದ್ದರೆ ತಪ್ಪು ಫೈಲಿನದು. ಅಲ್ಲಿ 100 ಇದ್ದು ಕಾಗದದಲ್ಲಿ 94 ಬಂದರೆ ಪ್ರಿಂಟಿನ ದಾರಿಯದು. ಇಷ್ಟು ಗೊತ್ತಾದರೆ ಬೈಯಬೇಕಾದವರನ್ನು ಸರಿಯಾಗಿ ಬೈಯಬಹುದು. ಕಾಗದದಲ್ಲಿ 75 ಬಂದರೆ ಆ ಎಸ್‌ವಿಜಿ ಬಹುಶಃ ಇಲ್ಲಸ್ಟ್ರೇಟರ್ ಎಂಬ ಇನ್ನೊಂದು ಚಿತ್ರದ ಸಾಫ್ಟ್‌ವೇರಿನಿಂದ ಬಂದದ್ದು. ಅದು ಇಂಚಿಗೆ 72 ಎಂದು ಲೆಕ್ಕ ಹಿಡಿಯುತ್ತದೆ, 72ನ್ನು 96ರಿಂದ ಭಾಗಿಸಿ ನೋಡಿ.

ಈಗ ನನ್ನ ಪದ್ಧತಿ ಗಟ್ಟಿಯಾಗಿದೆ. ಇಂಕ್‌ಸ್ಕೇಪಿನ ಪ್ರಿಂಟ್ ಗುಂಡಿಯ ತಂಟೆಗೆ ಹೋಗುವುದಿಲ್ಲ. ಪಿಡಿಎಫ್ ಮಾಡುವಾಗ ಪುಟದ ಅಳತೆಯನ್ನೇ ಬಳಸು ಎಂದು ಹೇಳಿ, ಅಕ್ಷರಗಳನ್ನು ಪಾತ್ ಮಾಡಿ, ಅಂದರೆ ಫಾಂಟಿನ ಹಂಗಿಲ್ಲದ ಬರೀ ಆಕಾರಗಳಾಗಿ ಬದಲಿಸಿ ಉಳಿಸುತ್ತೇನೆ. ಕನ್ನಡದ ಮಟ್ಟಿಗೆ ಇದು ಬಿಡಬಾರದ ಕೆಲಸ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ 'ಅಪ್ಪೆಮಿಡಿ' ಇಂಕ್‌ಸ್ಕೇಪಿನಲ್ಲಿ ಚೆನ್ನಾಗಿ ಕೂರುತ್ತದೆ, ಆದರೆ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದಾಗ ಪ ಒತ್ತು ಬಿಟ್ಟುಹೋಗಿ ಪಕ್ಕದಲ್ಲಿ ನಿಂತದ್ದು ನೋಡಿದ್ದೇನೆ. ಹಳೇ ನುಡಿ ಫಾಂಟಿನಲ್ಲಿ ಬರೆದದ್ದನ್ನು ಹಾಗೇ ತಂದು ಅಂಟಿಸಿದರೆ ಬರೀ ಕಸ ಬರುತ್ತದೆ, ಅದನ್ನು ಮೊದಲು ಯೂನಿಕೋಡ್‌ಗೆ ಬದಲಿಸಲೇಬೇಕು. ಆಮೇಲೆ ಒಂದು ಸಾದಾ ಹಾಳೆಯಲ್ಲಿ ಪ್ರಿಂಟ್ ತೆಗೆದು 100 ಮಿಲಿಮೀಟರ್ ಗೆರೆಯ ಮೇಲೆ ಸ್ಕೇಲ್ ಇಡುವುದು. ಟೈಲರ್ ಟೇಪು ಬೇಡ, ಎಳೆದು ಎಳೆದು ಉದ್ದವಾಗಿರುತ್ತದೆ. ಸರಿ ಬಂದರೆ ಲೇಬಲನ್ನು ಕತ್ತರಿಸಿ ಖಾಲಿ ಬಾಟಲಿಗೆ ಒಮ್ಮೆ ಸುತ್ತಿ ನೋಡಿ, ಆಮೇಲಷ್ಟೇ ಸ್ಟಿಕ್ಕರ್ ಹಾಳೆ. ಮಳೆಗಾಲದಲ್ಲಿ ಸ್ಟಿಕ್ಕರ್ ಹಾಳೆಗಳನ್ನು ಹಪ್ಪಳದ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ನಮ್ಮ ಕಡೆಯ ಥಂಡಿಗೆ ಕಾಗದ ತೇವ ಹೀರಿ ಹಿಗ್ಗುತ್ತದೆ, ಸುರುಳಿ ಸುತ್ತಿ ಪ್ರಿಂಟರಿನೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ.

ಇನ್ನೊಂದು ಸಣ್ಣ ಕಿರಿಕಿರಿ. 228 ಅಗಲದ ಆಯತಕ್ಕೆ ಒಂದು ಮಿಲಿಮೀಟರ್ ದಪ್ಪದ ಅಂಚು ಕೊಟ್ಟರೆ ಅಗಲ 229 ಎಂದು ತೋರಿಸುತ್ತದೆ. ಗೆರೆಯ ದಪ್ಪವನ್ನೂ ಸೇರಿಸಿ ಹೇಳುವುದು ಅದರ ರೂಢಿ. ಪ್ರಿಫರೆನ್ಸಸ್‌ನಲ್ಲಿ ಟೂಲ್ಸ್ ವಿಭಾಗಕ್ಕೆ ಹೋಗಿ ಜ್ಯಾಮಿತಿಯ ಅಳತೆ ಸಾಕು ಎಂದರೆ ದಪ್ಪ ಬಿಟ್ಟು ಹೇಳುತ್ತದೆ. ಕತ್ತರಿ ಹಾಕುವ ಕೆಲಸದವರಿಗೆ ಇದೇ ಬೇಕು.

ಇಷ್ಟು ಬೈದರೂ ನಾನು ಇದನ್ನು ಬಿಡದಿರುವುದಕ್ಕೆ ಕಾರಣ ಲೇಬಲ್ಲಿನ ಅಂಚು. ನಮ್ಮ ಕಡೆ ದೀವರ ಹೆಂಗಸರು ಗೋಡೆಯ ಮೇಲೆ ಬಿಡಿಸುವ ಹಸೆ ಚಿತ್ತಾರ ನೋಡಿದ್ದೀರಲ್ಲ? ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ, ಒಂದರ ಪಕ್ಕ ಒಂದು ಸಣ್ಣ ಗೆರೆ. ಪಕ್ಕದ ಮನೆಯ ಅಜ್ಜಿಯೊಬ್ಬರು ಕೈಯಲ್ಲಿ ಬರೆದುಕೊಟ್ಟ ಒಂದು ಎಳೆಯನ್ನು ನಾನು ಇಂಕ್‌ಸ್ಕೇಪಿನಲ್ಲಿ ಎಳೆದುಕೊಂಡು, ಟೈಲ್ಡ್ ಕ್ಲೋನ್ಸ್ ಎಂಬ ಸೌಲಭ್ಯದಿಂದ ಸಾಲಾಗಿ ಹಬ್ಬಿಸಿದೆ. ಮೂಲದ ಒಂದು ತುಂಡನ್ನು ಸ್ವಲ್ಪ ಬಾಗಿಸಿದರೆ ಸಾಲಿನಲ್ಲಿರುವ ಎಲ್ಲವೂ ಒಟ್ಟಿಗೆ ಬಾಗುತ್ತವೆ. ಅಜ್ಜಿಗೆ ತೋರಿಸಿದಾಗ, "ಎಲ್ಲ ಒಂದೇ ನಮೂನಿ ಇದೆ, ಇದಕ್ಕೆ ಕೈಯೇ ನಡುಗೋದಿಲ್ಲ" ಅಂದರು. ಅದು ಮೆಚ್ಚುಗೆಯೋ ಅಲ್ಲವೋ, ಮುಖ ನೋಡಿದರೆ ಗೊತ್ತಾಗಲಿಲ್ಲ. ಆಮೇಲೆ ಒಂದೆರಡು ಎಳೆಗಳನ್ನು ಕ್ಲೋನಿನಿಂದ ಬಿಡಿಸಿ ಬೇಕಂತಲೇ ಸ್ವಲ್ಪ ಓರೆ ಮಾಡಿದೆ. ಗಿರಾಕಿಗಳು ಮೊದಲು ಮುಟ್ಟಿ ನೋಡುವುದು ಆ ಅಂಚನ್ನೇ.

2022ರ 1.2 ಆವೃತ್ತಿಯಲ್ಲಿ ಒಂದೇ ಫೈಲಿನಲ್ಲಿ ಹಲವು ಪುಟ ಇಡುವ ವ್ಯವಸ್ಥೆ ಬಂತು. ಅಪ್ಪೆಮಿಡಿ, ಅಮಟೆಕಾಯಿ, ಕವಳಿಕಾಯಿ, ಹೇರಳೆಕಾಯಿ ಎಲ್ಲಕ್ಕೂ ಬೇರೆ ಬೇರೆ ಫೈಲ್ ಇಟ್ಟುಕೊಂಡು ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನಂಬರಿನ 14 ಅಂಕಿಗಳನ್ನು ಒಂದೊಂದರಲ್ಲೂ ತಿದ್ದುವ ಪೀಡೆ ತಪ್ಪಿತು. ಪ್ರತಿ ಪುಟಕ್ಕೂ ಬೇರೆ ಅಳತೆ ಕೊಡಬಹುದು. ಅಲ್ಲಿ ಮತ್ತೆ ಫಿಟ್‌ನ ಕಾಟ: ಅಳತೆ ಬೇರೆ ಬೇರೆ ಇದ್ದರೆ ಅದು ಒಂದೊಂದು ಪುಟವನ್ನೂ ಒಂದೊಂದು ಪ್ರಮಾಣದಲ್ಲಿ ಹೊಂದಿಸುತ್ತದೆ. ನಾನು ಎಲ್ಲ ಪುಟಕ್ಕೂ ಎ4 ಅಡ್ಡವನ್ನೇ ಇಟ್ಟಿದ್ದೇನೆ.

ಬಾರ್‌ಕೋಡ್ ಹಾಕುವವರಿಗೆ ಒಂದು ಮಾತು. ಎಕ್ಸ್‌ಟೆನ್ಶನ್ಸ್ ಪಟ್ಟಿಯಲ್ಲೇ ಇಎಎನ್-13, ಅಂದರೆ ಅಂಗಡಿ ಸರಕಿನ ಮೇಲಿರುವ 13 ಅಂಕಿಯ ಬಾರ್‌ಕೋಡ್, ತಯಾರಾಗುತ್ತದೆ. ಅದರ ಪ್ರಮಾಣಿತ ಅಗಲ 37.29 ಮಿಲಿಮೀಟರ್, 80 ಶೇಕಡಾದವರೆಗೆ ಕುಗ್ಗಿಸಬಹುದು. ಜಾಗ ಸಾಲದೆಂದು ಮೊದಲೇ 80ಕ್ಕೆ ಇಳಿಸಿಟ್ಟು, ಅದರ ಮೇಲೆ ಪ್ರಿಂಟಿನಲ್ಲಿ ಮತ್ತೆ ಆರು ಶೇಕಡಾ ಹೋದರೆ ಮಿತಿಗಿಂತ ಕೆಳಗೆ ಬಿತ್ತು. ಕೌಂಟರಿನಲ್ಲಿ ಯಂತ್ರ ಓದದೆ ಹೋದರೆ ಸರಕು ವಾಪಸ್ಸು.

ಅಳತೆಯ ಜಗಳ ಮುಗಿದ ಮೇಲೆ ಉಳಿದದ್ದು ಬಣ್ಣ, ಅದು ಇನ್ನೂ ಬಗೆಹರಿದಿಲ್ಲ. ನನ್ನಲ್ಲಿರುವ ಇಂಕ್‌ಸ್ಕೇಪ್ ತೆರೆಯ ಆರ್‌ಜಿಬಿ ಬಣ್ಣದಲ್ಲೇ ಪಿಡಿಎಫ್ ಕೊಡುತ್ತದೆ. ಮನೆಯ ಇಂಕ್‌ಜೆಟ್ ಅದನ್ನು ತನಗೆ ತೋಚಿದಂತೆ ಬದಲಿಸಿಕೊಳ್ಳುತ್ತದೆ, ನಡೆಯುತ್ತದೆ. ಹೆಚ್ಚಿನ ಪ್ರತಿಗೆ ಆಫ್‌ಸೆಟ್‌ಗೆ ಕೊಟ್ಟರೆ ಅವರು ನಾಲ್ಕು ಶಾಯಿಯ ಸಿಎಂವೈಕೆ ಕೇಳುತ್ತಾರೆ. ಅವರೇ ಬದಲಿಸಿದಾಗ ನನ್ನ ಕೆಮ್ಮಣ್ಣು ಬಣ್ಣ ಟೊಮೆಟೊ ಬಣ್ಣವಾಗಿ ಬಂತು. ಸ್ಕ್ರೈಬಸ್ ಎಂಬ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರಿಗೆ ತಂದು ಅಲ್ಲಿ ಬಣ್ಣ ಕೂರಿಸುವುದು ದಾರಿ, ಅದನ್ನು ಕಲಿಯುತ್ತಿದ್ದೇನೆ. ಸದ್ಯಕ್ಕೆ ಮನೆಯಲ್ಲಿ ತೆಗೆದ ಒಂದು ಲೇಬಲನ್ನೇ ಒಯ್ದು, "ಇದೇ ಕೆಂಪು ಬರಲಿ" ಎಂದು ಎದುರಿಗೆ ಕೂತು ಮಾಡಿಸುತ್ತೇನೆ.

ವಾರಕ್ಕೊಂದು ಹೊಸ ಪ್ಯಾಕೆಟ್ ಅಚ್ಚು ಹಾಕಿಸುವ ದೊಡ್ಡ ವ್ಯಾಪಾರದವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಕೋರಲ್ ಬಲ್ಲ ಹುಡುಗರಿಗೆ ಕೊಟ್ಟು ನಿಶ್ಚಿಂತೆಯಿಂದಿರಿ. ಮನೆಯ ಪ್ರಿಂಟರಿನಲ್ಲಿ ಮಿಡಿ, ಜೇನು, ಹಲಸಿನ ಹಪ್ಪಳಕ್ಕೆ ಲೇಬಲ್ ತೆಗೆಯುವವರಾದರೆ ಧೈರ್ಯವಾಗಿ ಹಾಕಿಕೊಳ್ಳಿ, ಹೊಸ ಫೈಲನ್ನು ಮಿಲಿಮೀಟರ್‌ನಲ್ಲೇ ಶುರು ಮಾಡಿ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಬಣ್ಣದ್ದು, ಅಳತೆಯದಲ್ಲ.