ಡೋಬರ್‌ಮನ್‌ಗೂ ಗ್ರೇಹೌಂಡ್‌ಗೂ ಒಂದೇ ನಾರ್ಮಲ್ ರೇಂಜ್: ಹೆಬ್ಬಾಳ ಕಡೆಯ ಪೆಟ್ ಲ್ಯಾಬ್ ಹೇಗಿದೆ?

ಹೆಬ್ಬಾಳದ ಆಸುಪಾಸಿನ ಈ ಖಾಸಗಿ ಲ್ಯಾಬ್‌ನ ಹೆಸರು ಇಲ್ಲಿ ಹೇಳುತ್ತಿಲ್ಲ. ನಗರದ ಬೇರೆ ಲ್ಯಾಬ್‌ಗೆ ಹೋಗುವವರೂ ಇದನ್ನೇ ಗಮನಿಸಬೇಕು. ನಾವು ನೋಡಿದ್ದು ಮೂರು ಸೇವೆ: ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್, ರಕ್ತದ ಗುಂಪು, ಸೀರಮ್ ಪ್ರೋಟೀನ್. ಅಳತೆ ಚೆನ್ನಾಗಿ ಮಾಡುತ್ತಾರೆ. ಆದರೆ ನಾಯಿ ಯಾವ ತಳಿಯದಾದರೂ ವರದಿಯಲ್ಲಿ ಅಚ್ಚಾಗುವುದು ಒಂದೇ ನಾರ್ಮಲ್ ರೇಂಜ್. ಇದು ಸಣ್ಣ ಕೊರತೆಯಲ್ಲ.

ಡೋಬರ್‌ಮನ್ ಸಾಕಿದವರಿಗೆ ಮೊದಲನೆಯದೇ ಮುಖ್ಯ. ರಕ್ತ ಹೆಪ್ಪುಗಟ್ಟಲು ಪ್ಲೇಟ್‌ಲೆಟ್‌ಗಳನ್ನು ಗಾಯಕ್ಕೆ ಅಂಟಿಸುವ ಈ ಪ್ರೋಟೀನ್ ಆ ತಳಿಯಲ್ಲಿ ಆನುವಂಶಿಕವಾಗಿ ಕಡಿಮೆ ಇರುವುದು ಸಾಮಾನ್ಯ. ಸಾಮಾನ್ಯವಾಗಿ 70%ಕ್ಕಿಂತ ಮೇಲಿದ್ದರೆ ಸರಿ, 50ರಿಂದ 69% ಅನುಮಾನದ ಗಡಿ, 50%ಕ್ಕಿಂತ ಕೆಳಗಿದ್ದರೆ ರಕ್ತಸ್ರಾವದ ಅಪಾಯ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಪಿಟಿ, ಎಪಿಟಿಟಿ ಪರೀಕ್ಷೆಗಳನ್ನಷ್ಟೇ ಮಾಡಿಸಿ ನಿಶ್ಚಿಂತರಾಗಬೇಡಿ. ಈ ಪ್ರೋಟೀನ್ ಕೊರತೆಯ ಕಾಯಿಲೆಯಲ್ಲಿ ಅವೆರಡೂ ಬಹುತೇಕ ನಾರ್ಮಲ್ ಬರುತ್ತವೆ. ಮರಿ ಮಾಡಿಸುವ ಯೋಚನೆಯಿದ್ದರೆ ಕೆನ್ನೆಯ ಒಳಭಾಗದ ಸ್ವಾಬ್‌ನಿಂದ ಡಿಎನ್‌ಎ ಪರೀಕ್ಷೆ ಮಾಡಿಸುವುದೇ ಒಳ್ಳೆಯದು. ಪ್ರೋಟೀನ್ ಮಟ್ಟ ಗರ್ಭ, ಒತ್ತಡ, ಓಡಾಟದಿಂದ ಏರುತ್ತದೆ, ಜೀನ್ ಬದಲಾಗದು.

ಈ ಲ್ಯಾಬ್ ಎಡವುವುದು ಮನೆಯಿಂದ ಸ್ಯಾಂಪಲ್ ಒಯ್ಯುವಾಗ. ತಿಳಿನೀಲಿ ಮುಚ್ಚಳದ ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ 0.2 ಮಿಲಿ ಸೈಟ್ರೇಟ್‌ಗೆ ಸರಿಯಾಗಿ 1.8 ಮಿಲಿ ರಕ್ತ ಬೀಳಬೇಕು. ಕಡಿಮೆ ಬಿದ್ದರೆ ಸೈಟ್ರೇಟ್ ಹೆಚ್ಚಾಗಿ ಫಲಿತಾಂಶವೇ ತಪ್ಪುತ್ತದೆ. ಪ್ಲಾಸ್ಮಾವನ್ನು (ರಕ್ತದ ದ್ರವಭಾಗ) ಬೇಗ ಬೇರ್ಪಡಿಸಿ, ಪ್ಲಾಸ್ಟಿಕ್ ಟ್ಯೂಬ್‌ಗೆ ಹಾಕಿ, ಫ್ರೀಜ್ ಮಾಡಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಕ್ಕಿಕೊಂಡ ಟೆಕ್ನಿಷಿಯನ್ ಬ್ಯಾಗಿನಲ್ಲಿ ಅದನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರ ಇರುವುದಿಲ್ಲ. ಟ್ಯೂಬಿನೊಳಗೆ ಸಣ್ಣ ಗಡ್ಡೆ ಕಟ್ಟಿದರೂ ಮಟ್ಟ ಸುಳ್ಳು ಸುಳ್ಳೇ ಕಡಿಮೆ ಕಾಣುತ್ತದೆ. ಬೆಳಿಗ್ಗೆಯೇ ನಾಯಿಯನ್ನು ಲ್ಯಾಬ್‌ಗೆ ಕರೆದೊಯ್ದರೆ ಈ ತೊಂದರೆಯಿಲ್ಲ.

ರಕ್ತದ ಗುಂಪಿನ ವಿಭಾಗ ಮೆಚ್ಚುವಂಥದ್ದು. ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಬೆರೆಸಿದ ರಕ್ತದಲ್ಲಿ, ನಾಯಿಗಳ ಮುಖ್ಯ ರಕ್ತದ ಗುಂಪಾದ ಡಿಇಎ 1ರ ಪರೀಕ್ಷೆ ಕಾರ್ಡ್ ಮೇಲೆ ನಿಮಿಷಗಳಲ್ಲಿ ಮುಗಿಯುತ್ತದೆ. ಉಣ್ಣೆ ಹುಳದಿಂದ (ಟಿಕ್) ಬರುವ ಬೆಬೀಸಿಯಾದಂಥ ಜ್ವರದಲ್ಲಿ ಕೆಂಪುಕಣಗಳು ತಾವಾಗಿಯೇ ಗುಂಪುಗಟ್ಟಿದರೆ ಕಾರ್ಡ್ ತಪ್ಪಾಗಿ ಪಾಸಿಟಿವ್ ತೋರಬಹುದು. ಇವರು ಸಲೈನ್‌ನಲ್ಲಿ ಕಣ ತೊಳೆದು ಮತ್ತೆ ನೋಡುತ್ತಾರೆ. ಆದರೆ ಕೆಂಪುಕಣಗಳ ಮೇಲಿರುವ, ಗುಂಪು ಗುರುತಿಸುವ ಇನ್ನೊಂದು ಅಂಶವಾದ ಡಾಲ್ ಎಂಬ ಪ್ರತಿಜನಕವನ್ನು ಈ ಕಾರ್ಡ್ ಹಿಡಿಯದು. ಡಾಲ್ಮೇಷಿಯನ್, ಡೋಬರ್‌ಮನ್, ಶಿಟ್ಜುಗಳಲ್ಲಿ ಕೆಲವಕ್ಕೆ ಅದಿರುವುದಿಲ್ಲ. ಅಂಥ ನಾಯಿಯ ದೇಹ ಅದರ ವಿರುದ್ಧ ಪ್ರತಿಕಾಯ ಬೆಳೆಸಬಹುದು. ಹಾಗಾಗಿ ನಾಯಿಗೆ ಮೊದಲ ಸಲ ರಕ್ತ ಏರಿಸಿ 4 ದಿನ ಕಳೆದಿದ್ದರೆ, ಗುಂಪು ಹೊಂದಿದರೂ ಕ್ರಾಸ್‌ಮ್ಯಾಚ್ (ಎರಡೂ ನಾಯಿಗಳ ರಕ್ತ ಬೆರೆಸಿ ಹೊಂದಾಣಿಕೆ ನೋಡುವ ಪರೀಕ್ಷೆ) ಕೇಳಲೇಬೇಕು.

ಇನ್ನು ಸೀರಮ್ ಪ್ರೋಟೀನ್. ಗ್ರೇಹೌಂಡ್‌ಗೆ ಗ್ಲೋಬ್ಯುಲಿನ್ (ಸೀರಮ್ ಪ್ರೋಟೀನ್‌ನ ಒಂದು ಭಾಗ) ಸಹಜವಾಗಿಯೇ ಕಡಿಮೆ, ಪ್ಲೇಟ್‌ಲೆಟ್ ಕೂಡ ಕಡಿಮೆ, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಮಾತ್ರ ಹೆಚ್ಚು. 55%ರಿಂದ 60% ಕಂಡರೂ ಅದಷ್ಟರಿಂದಲೇ ಗಾಬರಿ ಬೇಡ. ನಿಜವಾದ ಅಪಾಯ ಇನ್ನೊಂದು ದಿಕ್ಕಿನದು. ಉಣ್ಣೆಯಿಂದಲೇ ಹರಡುವ ಎರ್ಲಿಕಿಯಾ ಸೋಂಕಿನಲ್ಲಿ ಗ್ಲೋಬ್ಯುಲಿನ್ ಏರುತ್ತದೆ. ಕೆಳಮಟ್ಟದಿಂದ ಏರಿದ ಗ್ರೇಹೌಂಡ್‌ನ ಅಂಕಿ ಸಾಮಾನ್ಯ ರೇಂಜ್‌ನೊಳಗೇ ಕುಳಿತು ವರದಿ ‘ನಾರ್ಮಲ್’ ಎನ್ನಬಹುದು. ಮುಧೋಳ ಹೌಂಡ್ ಕೂಡ ಕಣ್ಣಿನಿಂದ ನೋಡಿ ಬೇಟೆಯಾಡುವ ಸೈಟ್‌ಹೌಂಡೇ ಆದರೂ ಗ್ರೇಹೌಂಡ್ ಅಂಕಿಯನ್ನು ಅದಕ್ಕೆ ಹಾಗೆಯೇ ಅಂಟಿಸುವುದು ಸರಿಯಲ್ಲ. ಆರೋಗ್ಯವಾಗಿದ್ದಾಗಲೇ ಒಮ್ಮೆ ಪರೀಕ್ಷಿಸಿ ವರದಿ ಇಟ್ಟುಕೊಂಡರೆ ಮುಂದೆ ಹೋಲಿಸಲು ಬರುತ್ತದೆ.

ಕ್ಯಾವಲಿಯರ್ ಸ್ಪ್ಯಾನಿಯಲ್‌ಗಳಲ್ಲಿ ದೊಡ್ಡ ಗಾತ್ರದ, ಕಡಿಮೆ ಸಂಖ್ಯೆಯ ಪ್ಲೇಟ್‌ಲೆಟ್ ಹುಟ್ಟಿನಿಂದಲೇ ಇರಬಹುದು. ಯಂತ್ರದ ಎಣಿಕೆ ನಂಬಿ ಉಣ್ಣೆಜ್ವರದ ಮಾತ್ರೆ ಶುರುಮಾಡುವ ಮೊದಲು ಸ್ಮಿಯರ್ (ಗಾಜಿನ ಮೇಲೆ ಸವರಿದ ರಕ್ತ) ಸೂಕ್ಷ್ಮದರ್ಶಕದಲ್ಲಿ ನೋಡಿಸಿ.

ಫಾರ್ಮ್‌ನಲ್ಲಿ ತಳಿ, ವಯಸ್ಸು, ಹಿಂದೆ ನಾಯಿಗೆ ರಕ್ತ ಏರಿಸಿದ್ದರೆ ಅದರ ದಿನಾಂಕ ಬರೆದು, ‘ಪೆಥಾಲಜಿಸ್ಟ್ ಅಭಿಪ್ರಾಯ ಬೇಕು’ ಎಂದು ಸೇರಿಸಿ. ಕೇಳಿದರೆ ತಳಿಗೆ ತಕ್ಕ ಟಿಪ್ಪಣಿ ಬರೆದುಕೊಡುತ್ತಾರೆ, ಕೇಳದಿದ್ದರೆ ಬರುವುದು ಅಂಕಿಗಳ ಹಾಳೆ ಮಾತ್ರ.