ಮಕ್ಕಳ ಮೈಕ್ರೋಸ್ಕೋಪ್: ಖಂಡಿತ ತಗೊಳ್ಳಿ
ಹೈಸ್ಕೂಲ್ ಮಗಳಿಗೆ ಅಂತ ಶಿವಮೊಗ್ಗದ ಅಂಗಡಿಯೊಂದರಲ್ಲಿ ತಂದ ಈ ಮೈಕ್ರೋಸ್ಕೋಪ್ ನನಗೇ ಜಾಸ್ತಿ ಹಿಡಿಸಿದೆ. ಈರುಳ್ಳಿಯ ತೆಳು ಪೊರೆ ಬಿಡಿಸಿ, ಒಂದು ಹನಿ ಅಯೋಡಿನ್ ಹಾಕಿ ನೋಡಿದರೆ ಕೋಶಭಿತ್ತಿ, ಕೋಶಕೇಂದ್ರ ಎರಡೂ ಸ್ಪಷ್ಟ. ಹಸಿರು ಮಾತ್ರ ಇರುವುದಿಲ್ಲ, ಬೆಳಕು ತಾಗದ ಗಡ್ಡೆಯ ಒಳಗೆ ಕ್ಲೋರೋಪ್ಲಾಸ್ಟ್‌ಗೆ (ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕಾಳು) ಕೆಲಸವಿಲ್ಲ ಅಲ್ವಾ? ಅದಕ್ಕೆ ನಮ್ಮ ಮಲೆನಾಡಿನ ಹಾವಸೆಯೇ ಸರಿ! ಬಾವಿಕಟ್ಟೆಯಿಂದ ಒಂದು ಚೂರು ಕಿತ್ತು ತನ್ನಿ. ಹೆಚ್ಚಿನ ಹಾವಸೆಗಳ ಎಲೆ ಒಂದೇ ಕೋಶದಷ್ಟು ದಪ್ಪ, ಹಾಗಾಗಿ ಬಣ್ಣ ಹಾಕದೆಯೇ ಒಳಗಿನ ಹಸಿರು ಕಾಳುಗಳು ಎಷ್ಟು ಚೆನ್ನಾಗಿ ಕಾಣುತ್ತವೆ ಅಂದರೆ, ದ್ಯುತಿಸಂಶ್ಲೇಷಣೆ ನಡೆಯುವ ಜಾಗವನ್ನೇ ಮಕ್ಕಳಿಗೆ ತೋರಿಸಬಹುದು.

400 ಪಟ್ಟು ದೊಡ್ಡದಾಗಿಸಿ ನೋಡಿದರೆ ಮೈಟೋಕಾಂಡ್ರಿಯದ (ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗ) ಒಳರಚನೆಯೂ ಕಾಣುತ್ತೆ ಅಂದರು ಅಂಗಡಿಯವರು. ನಂಬಬೇಡಿ, ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಮುಚ್ಚಿಡಿ.