ಮನೆ ಮೊಸರೋ, ಪ್ರೊಬಯಾಟಿಕ್ ಕ್ಯಾಪ್ಸೂಲೋ?

ಕೋಲಾರದ ಗೆಳೆಯರೊಬ್ಬರು ಕೇಳಿದ್ದಾರೆ: ಎಲ್‌ಡಿಎಲ್ (ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲ್) ಸ್ವಲ್ಪ ಜಾಸ್ತಿ ಬಂದಿದೆ, ಮೊಸರು ಸಾಕಾ, ಒಳ್ಳೆಯ ಜೀವಾಣು ತುಂಬಿದ ಪ್ರೊಬಯಾಟಿಕ್ ಕ್ಯಾಪ್ಸೂಲ್ ಬೇಕಾ?

ಮೊದಲು ಹೊಟ್ಟೆಯೊಳಗಿನ ಕಥೆ. ಕೊಬ್ಬು ಜೀರ್ಣಿಸಲು ಬೇಕಾದ ಪಿತ್ತ ಲವಣವನ್ನು ಲಿವರ್ ಕೊಲೆಸ್ಟ್ರಾಲ್‌ನಿಂದಲೇ ಮಾಡುತ್ತದೆ. ಅದಕ್ಕೆ ಗ್ಲೈಸಿನ್ ಅಥವಾ ಟಾರಿನ್ ಎಂಬ ಬಾಲ ಅಂಟಿಸಿ ಕರುಳಿಗೆ ಬಿಡುತ್ತದೆ. ಕೊಬ್ಬು ಜೀರ್ಣವಾದ ಮೇಲೆ ಸುಮಾರು 95% ಲಿವರ್‌ಗೇ ವಾಪಸ್. ಕೆಲವು ಬ್ಯಾಕ್ಟೀರಿಯಾಗಳ ಕಿಣ್ವ ಆ ಬಾಲ ಕತ್ತರಿಸುತ್ತದೆ. ಬಾಲವಿಲ್ಲದ್ದು ಸರಿಯಾಗಿ ಕರಗಲ್ಲ, ಹೆಚ್ಚು ಪಾಲು ಮಲದಲ್ಲಿ ಹೋಗುತ್ತದೆ. ಹೊಸದು ಮಾಡಲು ಲಿವರ್ ಮತ್ತೆ ಕೊಲೆಸ್ಟ್ರಾಲ್ ಖರ್ಚು ಮಾಡಬೇಕು, ಅದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ಲೆಕ್ಕ ಇಷ್ಟೇ.

ಖರ್ಚಿನಲ್ಲಿ ಮೊಸರಿಗೆ ಸಾಟಿಯಿಲ್ಲ: ಅರ್ಧ ಲೀಟರ್ ಹಾಲು, ಒಂದು ಚಮಚ ಹೆಪ್ಪು. ಕ್ಯಾಪ್ಸೂಲ್ ತಿಂಗಳುಗಟ್ಟಲೆ ನುಂಗಬೇಕು, ಜೇಬಿಗೆ ಭಾರ.

ಖಚಿತತೆ ಬೇಕಂದ್ರೆ ಮಾತು ಬೇರೆ. ಮನೆ ಹೆಪ್ಪಿನಲ್ಲಿ ಯಾವ ತಳಿ ಇದೆ ಅಂತ ಯಾರೂ ಹೇಳಲಾರರು. ಬಾಲ ಕತ್ತರಿಸೋದು ಎಲ್ಲ ತಳಿಗೂ ಬರಲ್ಲ. 2012ರ ಒಂದು ಪ್ರಯೋಗದಲ್ಲಿ ಲ್ಯಾಕ್ಟೋಬ್ಯಾಸಿಲಸ್ ರ‍್ಯೂಟೆರಿಯ ಒಂದು ನಿರ್ದಿಷ್ಟ ತಳಿಯ ಕ್ಯಾಪ್ಸೂಲ್ 9 ವಾರದಲ್ಲಿ ಎಲ್‌ಡಿಎಲ್ ಅನ್ನು ಸುಮಾರು 11.6% ಇಳಿಸಿತ್ತು. ಹಾಗಾಗಿ ಡಬ್ಬಿಯಲ್ಲಿ ತಳಿಯ ಹೆಸರು, ಸಂಖ್ಯೆ ಎರಡೂ ಇವೆಯಾ ನೋಡಿ. ಸುಮ್ನೆ 'ಪ್ರೊಬಯಾಟಿಕ್' ಅಂತಿದ್ದರೆ ನಾನಂತೂ ಕೊಳ್ಳಲ್ಲ.

ಮಜ್ಜಿಗೆ ಹುಳಿ ಲೆಕ್ಕಕ್ಕಿಲ್ಲ, ಕುದಿಸಿದರೆ ಜೀವಾಣು ಸತ್ತವು. ಮುದ್ದೆ ಊಟದ ಕೊನೆಗೆ ತಣ್ಣನೆ ಮಜ್ಜಿಗೆ ಇದೆಯಲ್ವಾ, ಅದು ಸರಿ.

ಎಲ್‌ಡಿಎಲ್ ಗಡಿಯಲ್ಲಷ್ಟೇ ಇದ್ದರೆ ಮೊಸರು, ನಡಿಗೆ, ಕರಿದದ್ದಕ್ಕೆ ಕಡಿವಾಣದಿಂದ ಶುರು ಮಾಡಿ. ಮೂರು ತಿಂಗಳಲ್ಲಿ ಇಳಿಯದಿದ್ದರೆ ಡಾಕ್ಟರ್ ಕೇಳಿ ಕ್ಯಾಪ್ಸೂಲ್. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರಿಗೆ ಇವೆರಡೂ ಸಾಲದು. ಎಲ್‌ಡಿಎಲ್ ಅನ್ನು 30ರಿಂದ 50% ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಡಾಕ್ಟರ್ ಬರೆದಿದ್ದರೆ ಅದನ್ನು ಬಿಟ್ಟು ಮೊಸರು ನಂಬಬೇಡಿ.